ಲೆಕ್ಕದ ಮೇಲೆ ಉದುರಿದ ಪಾರಿಜಾತ

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಪುಟ್ಟಿ ಈ ಸಲ ಅಜ್ಜಿಯ ಹುಟ್ಟುಹಬ್ಬಕ್ಕೆ ತಾನೇ ಒಂದು ಉಡುಗೊರೆ ಮಾಡಿಕೊಡುತ್ತೇನೆಂದು ಹೊರಟಳು. ಅವಳು ಒಂಬತ್ತನೇ ತರಗತಿ. ಶಾಲೆಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ. ಉಡುಗೊರೆ ಏನೆಂದರೆ, ಮನೆಖರ್ಚು ಬರೆದಿಡಲು ಕಂಪ್ಯೂಟರಿನಲ್ಲಿ ಒಂದು ಪುಟ್ಟ ಅಪ್ಲಿಕೇಶನ್. ಹಾಲು, ತರಕಾರಿ, ಗ್ಯಾಸು, ಔಷಧಿ ಎಂದು ನಾಲ್ಕು ಖಾನೆ, ಕೆಳಗೆ ‘ಉಳಿಸು’ ಎಂಬ ಗುಂಡಿ. ತಿಂಗಳ ಕೊನೆಗೆ ಮೊತ್ತ ತಾನೇ ಬರುತ್ತದೆ. ಮದುವೆಯಾದಾಗಿನಿಂದ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯುತ್ತಿರುವ ನಮ್ಮ ಮನೆಯವಳಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇನ್ನೇನು ಅಂದುಕೊಂಡೆ.

ಎರಡು ದಿನದಲ್ಲಿ ಲೆಕ್ಕದ ಭಾಗ ಮುಗಿಯಿತು. ಪುಟ್ಟಿ ಮುಖ ಸಿಂಡರಿಸಿದಳು. “ತಾತಾ, ಇದು ಬ್ಯಾಂಕಿನ ಫಾರಂ ಥರ ಇದೆ, ಬೋರು. ಅಜ್ಜಿಗೆ ಪಾರಿಜಾತ ಇಷ್ಟ ಅಲ್ವಾ? ವಿಂಡೊ ತೆರೆದರೆ ಮೇಲಿಂದ ಪಾರಿಜಾತ ಉದುರ್ತಾ ಇರಬೇಕು.” ಬ್ಯಾಂಕಿನ ಫಾರಂಗಳ ನಡುವೆಯೇ ಆಯುಷ್ಯ ಕಳೆದ ನನಗೆ ಆ ಮಾತು ಸ್ವಲ್ಪ ಚುಚ್ಚಿತು. ಆದರೂ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ.

ಪೈಥಾನ್ ಜೊತೆಯಲ್ಲೇ ಟಿಕಿಂಟರ್ ಎಂಬ ಸಲಕರಣೆ ಬರುತ್ತದೆ. ಅದರಲ್ಲಿ ಚಿತ್ರ ಬರೆಯುವ ಜಾಗಕ್ಕೆ ಕ್ಯಾನ್ವಾಸ್ ಎಂದು ಹೆಸರು. ಪುಟ್ಟಿ ಅದರ ಮೇಲೆ ಆರು ಬಿಳಿ ಎಸಳು, ನಡುವೆ ಒಂದು ಕಿತ್ತಳೆ ಚುಕ್ಕೆ ಬರೆದಳು. ಹೂವು ಬೀಳಬೇಕಾದರೆ ಅದನ್ನು ಒಂದಿಷ್ಟು ಕೆಳಗೆ ಸರಿಸಬೇಕು, ಕ್ಷಣ ಬಿಟ್ಟು ಮತ್ತೊಂದಿಷ್ಟು ಸರಿಸಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡಿದರೆ ನಮ್ಮ ಕಣ್ಣು ಅದನ್ನು ಚಲನೆ ಎಂದು ನಂಬುತ್ತದಲ್ಲ, ಇದೂ ಹಾಗೆಯೇ. ಪುಟ್ಟಿ 33 ಮಿಲಿಸೆಕೆಂಡಿಗೆ ಒಂದು ಹೆಜ್ಜೆ ಎಂದು ಲೆಕ್ಕ ಹಾಕಿದಳು. ಸೆಕೆಂಡಿಗೆ ಸುಮಾರು 30 ಹೆಜ್ಜೆ ಆಯಿತು.

ಆದರೆ ಪ್ರೋಗ್ರಾಂ ಓಡಿಸಿದ ಕೂಡಲೇ ವಿಂಡೊ ಮರಗಟ್ಟಿ ನಿಂತಿತು. ಗುಂಡಿ ಒತ್ತಿದರೆ ಕೆಲಸ ಮಾಡದು, ಮುಚ್ಚಲು ಹೋದರೆ ಮುಚ್ಚದು. ಕಾರಣ ಹುಡುಕಿದಾಗ ಗೊತ್ತಾಯಿತು: ಎರಡು ಹೆಜ್ಜೆಗಳ ನಡುವೆ ಕಾಯಲು ಅವಳು ‘ಸ್ಲೀಪ್’ ಎಂಬ ಆಜ್ಞೆ ಬಳಸಿದ್ದಳು. ಅದು ಇಡೀ ವಿಂಡೊವನ್ನೇ ನಿದ್ದೆಗೆ ಕಳಿಸುತ್ತದೆ. ಎಚ್ಚರವಾದ ಕೂಡಲೇ ಮತ್ತೆ ನಿದ್ದೆ.

ಇದು ನನಗೆ ಚೆನ್ನಾಗಿ ಅರ್ಥವಾಗುವ ವಿಷಯ. ಒಂದೇ ಕೌಂಟರು, ಒಬ್ಬನೇ ಗುಮಾಸ್ತ. ಒಂದು ಚೆಕ್ಕು ಸಹಿಗೆಂದು ಒಳಗೆ ಹೋಗಿದೆ. ಅದು ಬರುವ ತನಕ ಗುಮಾಸ್ತ ಗಡಿಯಾರ ನೋಡುತ್ತಾ ಕೂತರೆ ಸಾಲು ಬಾಗಿಲು ದಾಟುತ್ತದೆ. ಅದಕ್ಕೇ ನಾವು ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು: “ಕೂತಿರಿ, ನಂಬರು ಕರೆಯುತ್ತೇವೆ.” ಅಷ್ಟರಲ್ಲಿ ಮುಂದಿನವರ ಕೆಲಸ ಆಗುತ್ತಿತ್ತು. ಟಿಕಿಂಟರಿನಲ್ಲಿ ಟೋಕನ್ನಿನ ಹೆಸರು ‘ಆಫ್ಟರ್’. ‘33 ಮಿಲಿಸೆಕೆಂಡು ಬಿಟ್ಟು ನನ್ನನ್ನು ಕರೆ, ಅಲ್ಲಿಯವರೆಗೆ ನಿನ್ನ ಕೆಲಸ ನೋಡಿಕೋ’ ಎಂದು ಅದರ ಅರ್ಥ. ಅದನ್ನು ಹಾಕಿದ ಮೇಲೆ ಹೂವೂ ಬಿತ್ತು, ಗುಂಡಿಯೂ ಕೆಲಸ ಮಾಡಿತು.

ಹೂವೇನೋ ಬಿತ್ತು, ಆದರೆ ಕಲ್ಲಿನ ಹಾಗೆ ಬಿತ್ತು. ವಿಜ್ಞಾನದ ಪಾಠ ನೆನಪಿಟ್ಟುಕೊಂಡು ಪುಟ್ಟಿ ಹೆಜ್ಜೆಹೆಜ್ಜೆಗೂ ವೇಗ ಹೆಚ್ಚಿಸಿದ್ದಳು. “ಹಿತ್ತಲಿಗೆ ಬಾ” ಎಂದು ಬೆಳಗಿನ ಆರಕ್ಕೆ ಕರೆದುಕೊಂಡು ಹೋದೆ. ಹಗುರವಾದ ಹೂವನ್ನು ಗಾಳಿ ತಡೆಯುತ್ತದೆ; ಬಿದ್ದ ಸ್ವಲ್ಪ ಹೊತ್ತಿಗೇ ಅದರ ವೇಗ ಏರುವುದು ನಿಂತು ಒಂದೇ ಸಮ ಇಳಿಯುತ್ತದೆ. ಅವಳು ವೇಗವನ್ನು ಸ್ಥಿರ ಮಾಡಿದಳು. ಒಂದೊಂದು ಹೂವಿಗೂ ಬೇರೆ ಬೇರೆ ವೇಗ ಕೊಟ್ಟಳು. ಅತ್ತಿತ್ತ ತೂಗಾಡಲು ಗಣಿತದ ಸೈನ್ ಸೂತ್ರ ಹಾಕಿದಳು. ತ್ರಿಕೋನಮಿತಿ ಯಾತಕ್ಕೆ ಎಂದು ಕೇಳುವ ಮಕ್ಕಳಿಗೆ ಇನ್ನು ನಾನು ಹೂವು ತೋರಿಸುತ್ತೇನೆ.

ಮತ್ತೊಂದು ತೊಂದರೆ ಬಾಕಿ ಇತ್ತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ತೆವಳತೊಡಗಿತು. ವಿಂಡೊದ ಕೆಳಗೆ ಇಳಿದು ಕಾಣದಾದ ಹೂವುಗಳು ಅಳಿಸಿಹೋಗಿರಲಿಲ್ಲ, ಮೇಲಿಂದ ಹೊಸವು ಸೇರುತ್ತಲೇ ಇದ್ದವು. ಊರ ನಾಟಕದಲ್ಲಿ ಐದೇ ಸೈನಿಕರು ಪರದೆಯ ಹಿಂದಿನಿಂದ ಸುತ್ತಿ ಬಂದು ದೊಡ್ಡ ಸೈನ್ಯವಾಗುತ್ತಾರಲ್ಲ, ಹಾಗೆ ಮಾಡು ಎಂದೆ. ಕೆಳಗೆ ಹೋದ ಹೂವನ್ನೇ ಎತ್ತಿ ಮೇಲಿನ ಇನ್ನೊಂದು ಜಾಗದಲ್ಲಿಟ್ಟಳು. ಇಪ್ಪತ್ತೈದೇ ಹೂವಿನಲ್ಲಿ ದಿನವಿಡೀ ಪಾರಿಜಾತ ಸುರಿಯಿತು.

ಹುಟ್ಟುಹಬ್ಬದ ದಿನ ಅಜ್ಜಿ ನೋಡಿ, “ಎಷ್ಟು ಚೆನ್ನಾಗಿದೆ ಪುಟ್ಟೀ” ಎಂದು ಅವಳ ಕೆನ್ನೆ ಸವರಿದಳು.

ಒಂದು ವಾರದ ನಂತರ ಸಕ್ಕರೆ ಡಬ್ಬಿ ಹುಡುಕುವಾಗ ಅದರ ಹಿಂದೆ ಹಳೆಯ ನೋಟ್‌ಬುಕ್ ಸಿಕ್ಕಿತು. ಹಿಂದಿನ ದಿನದ ಹಾಲಿನ ಲೆಕ್ಕದವರೆಗೂ ಅದರಲ್ಲಿತ್ತು. ಕೇಳಿದರೆ ಹೇಳಿದಳು: “ಹೂವು ಚೆನ್ನಾಗಿದೆ ರೀ. ಆದರೆ ಅಂಕಿ ನೋಡೋಕೆ ಹೋದರೆ ಕಣ್ಣು ಹೂವಿನ ಕಡೆಗೇ ಓಡುತ್ತೆ. ಆಮೇಲೆ ತಲೆ ಸುತ್ತುತ್ತೆ. ಮಗು ಆಸೆಪಟ್ಟು ಮಾಡಿದ್ದು, ಅವಳಿಗೆ ಹೇಳಬೇಡಿ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೇಳಿದರೆ ಮಗುವಿಗೆ ನೋವು. ಹೇಳದಿದ್ದರೆ ಅಜ್ಜಿ ಕದ್ದು ಲೆಕ್ಕ ಬರೆಯಬೇಕು, ಮಗು ತಪ್ಪು ತಿಳಿಯದೆ ಊರಿಗೆ ಹೋಗಬೇಕು. ಬೆಳಿಗ್ಗೆ ಹೇಳಿಬಿಟ್ಟೆ. ಪುಟ್ಟಿಯ ಕಣ್ಣು ತುಂಬಿತು. “ಎಲ್ಲಾ ಅಳಿಸಿಬಿಡ್ತೀನಿ” ಎಂದಳು. ಅಳಿಸುವುದು ಬೇಡ, ಏಕೆ ಹೀಗಾಯಿತು ನೋಡೋಣ ಎಂದು ಕೂರಿಸಿದೆ.

ಕಣ್ಣಂಚಿನಲ್ಲಿ ಏನಾದರೂ ಅಲುಗಾಡಿದರೆ ಗಮನ ಅತ್ತ ಹೋಗುವುದು ಮನುಷ್ಯನ ಸ್ವಭಾವ. ಮೈ ಅಲ್ಲಾಡುತ್ತಿಲ್ಲ ಎಂದು ಒಳಕಿವಿ ಹೇಳುವಾಗ, ಎದುರಿಗಿರುವುದು ಚಲಿಸುತ್ತಿದೆ ಎಂದು ಕಣ್ಣು ಹೇಳಿದರೆ, ಕೆಲವರಿಗೆ ತಲೆ ತಿರುಗುತ್ತದೆ. ಜಪಾನಿನಲ್ಲಿ 1997ರ ಡಿಸೆಂಬರ್‌ನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ವೇಗವಾಗಿ ಮಿಟುಕಿದ್ದರಿಂದ 600ಕ್ಕೂ ಹೆಚ್ಚು ಮಂದಿ, ಅದರಲ್ಲೂ ಮಕ್ಕಳು, ಆಸ್ಪತ್ರೆಗೆ ಹೋಗಬೇಕಾಯಿತು. ನಮ್ಮ ಪಾರಿಜಾತ ಅಷ್ಟು ಅಪಾಯದ್ದಲ್ಲ, ನಿಜ. ಆದರೆ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿಯೇ ಚಲಿಸುವ ಅಲಂಕಾರವನ್ನು ನಿಲ್ಲಿಸಲು ದಾರಿ ಇರಬೇಕೆಂದು ವೆಬ್ ಪುಟಗಳಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ವಿಂಡೋಸ್ 11ರಲ್ಲೂ ಆನಿಮೇಷನ್ ಬೇಡವೆಂದರೆ ಆರಿಸುವ ಸೌಲಭ್ಯವಿದೆ. ಫೋನುಗಳಲ್ಲೂ ಇದೆ.

ಪುಟ್ಟಿ ಕಣ್ಣೊರೆಸಿಕೊಂಡು ಅಜ್ಜಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡಳು. ಅಂಕಿ ಬರೆಯುವಾಗ ಹೂವು ಒಂದೂ ಬೀಳಬಾರದು ಎಂದಾಯಿತು. ‘ಉಳಿಸು’ ಒತ್ತಿದ ಮೇಲೆ ಐದೇ ಹೂವು, ಮೂರು ಸೆಕೆಂಡಿನಲ್ಲಿ ಇಳಿದು ವಿಂಡೊದ ಕೆಳಗಂಚಿನಲ್ಲಿ ಸುಮ್ಮನೆ ಕೂರಬೇಕು. ಮೂಲೆಯಲ್ಲಿ ‘ಇವತ್ತು ಹೂವು ಬೇಡ’ ಎಂಬ ಚೌಕ. ಮೊದಲು ಬರಿ ಅಲಂಕಾರವಾಗಿದ್ದ ಹೂವು ಈಗ ಒಂದು ಕೆಲಸವನ್ನೂ ಮಾಡುತ್ತಿದೆ: ಹೂವು ಬಿತ್ತೆಂದರೆ ಲೆಕ್ಕ ಸೇರಿತು ಎಂದು ಅಜ್ಜಿಗೆ ತಿಳಿಯುತ್ತದೆ.

ಮಕ್ಕಳೇ, ನೀವೂ ಇಂಥದ್ದು ಮಾಡಿ. ಮಳೆ ಸುರಿಸಿ, ಚಿಟ್ಟೆ ಹಾರಿಸಿ. ಮಾಡಿದ ಮೇಲೆ ಮನೆಯ ಹಿರಿಯರೊಬ್ಬರನ್ನು ಕೂರಿಸಿ, “ಹೇಗಿದೆ?” ಎಂದು ಕೇಳಬೇಡಿ. ಅವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಅವರು ಅದರಲ್ಲಿ ಕೆಲಸ ಮಾಡುವಾಗ ಹತ್ತು ನಿಮಿಷ ಹಿಂದೆ ನಿಂತು ನೋಡಿ.

ಪುಟ್ಟಿ ಊರಿಗೆ ಹೋಗಿ ತಿಂಗಳಾಯಿತು. ತಲೆ ಸುತ್ತುವ ದಿನ ಅಜ್ಜಿ ಆ ಚೌಕ ಒತ್ತುತ್ತಾಳೆ, ಉಳಿದ ದಿನ ಹೂವು ಬೀಳುತ್ತದೆ. ನೋಟ್‌ಬುಕ್ಕಿನಲ್ಲಿ ಈಗ ಅಡುಗೆಯ ಅಳತೆಗಳಿವೆ.