ಹಿಮ್ಮಡಿ ಹೊರಕ್ಕೆ
ಶೂವನ್ನು ಕಚ್ಚಿ ಹಿಡಿಯುವ ಕ್ಲಿಪ್‌ಲೆಸ್ ಪೆಡಲಿಗೆ ಬದಲಾದವರನ್ನು ಕಾಡುವ ಭಯ ವೇಗದ್ದಲ್ಲ, ನಿಲ್ಲುವುದರದ್ದು. ಸಿಗ್ನಲ್ ಕೆಂಪಾಗುತ್ತದೆ, ಶೂ ಪೆಡಲಿಗೆ ಕಚ್ಚಿಕೊಂಡಿದೆ, ಸೈಕಲ್ ಮೆಲ್ಲಗೆ ವಾಲುತ್ತಿದೆ. ಹಳೆಯ ಅಭ್ಯಾಸದ ಕಾಲು ಮೇಲಕ್ಕೆ ಎಳೆಯುತ್ತದೆ. ಎಳೆದರೆ ಬಿಡುವುದಿಲ್ಲ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಸ್ಕೀ ಬೈಂಡಿಂಗ್ ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇಂಥ ಪೆಡಲ್ ತಂದಿತು. ಮರುವರ್ಷ ಸೈಕಲ್ ಪಟು ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ರೇಸ್ ಗೆದ್ದರು. ಅದಕ್ಕೂ ಮುಂಚೆ ಪಾದಕ್ಕೆ ಚರ್ಮದ ಪಟ್ಟಿ ಬಿಗಿಯುತ್ತಿದ್ದರು, ಸಡಿಲಿಸಲು ಕೈಯೇ ಬೇಕಿತ್ತು. ಹಾಗೆ ನೋಡಿದರೆ ಈ ಪೆಡಲ್ ಕಟ್ಟಲ್ಲ, ಬಿಡುಗಡೆ. ಹೊಸಬರು ಮೊದಲು ಪೆಡಲಿನ ಸ್ಕ್ರೂ ತಿರುಗಿಸಿ ಸ್ಪ್ರಿಂಗಿನ ಬಿಗಿತ ಕಡಿಮೆ ಮಾಡಿಕೊಳ್ಳಲಿ; ಗೋಡೆ ಹಿಡಿದು ನೂರು ಸಲ ಶೂ ಸಿಕ್ಕಿಸಿ ಬಿಡಿಸಲಿ, ಆಮೇಲೆ ಹುಲ್ಲಿನ ಮೇಲೆ. ನಾನಂತೂ ಇಂದಿಗೂ ನಿಲ್ಲುವ 20 ಅಡಿ ಮೊದಲೇ ಎಡಗಾಲು ಬಿಡಿಸಿ, ಆ ಕಡೆಗೇ ಭಾರ ಹಾಕುತ್ತೇನೆ.