ಟೆಲಿಸ್ಕೋಪ್ ಕೊಳ್ಳುವ ಮೊದಲು ಅದರ ಕಾಲು ನೋಡಿ

ಹಳೆಯ ವಿದ್ಯಾರ್ಥಿಗಳು ಸೇರಿ ಊರಿನ ಹೈಸ್ಕೂಲಿಗೆ ಟೆಲಿಸ್ಕೋಪ್ ಕೊಡಿಸಲು ಹೊರಟರೆ ಮೊದಲು ಬರುವ ಬೇಡಿಕೆ ಒಂದೇ: "ನೋಡಲೂ ಆಗಬೇಕು, ಫೋಟೋ ತೆಗೆಯಲೂ ಆಗಬೇಕು." ಕೇಳಲು ಸರಿಯಾಗಿಯೇ ಇದೆ. ಆದರೆ ವಂತಿಗೆಯ ದುಡ್ಡು ಕಪಾಟಿನಲ್ಲಿ ಧೂಳು ತಿನ್ನಲು ಶುರುವಾಗುವುದೂ ಇಲ್ಲಿಂದಲೇ.

ಪಾತಿ ದೋಣಿ ಹೊಳೆಬಾಯಿಗೆ ಸರಿ, ಟ್ರಾಲರ್ ಆಳ ಸಮುದ್ರಕ್ಕೆ ಸರಿ. ಎರಡನ್ನೂ ಒಂದರಲ್ಲೇ ಮಾಡಿಸಲು ಹೊರಟರೆ ಯಾವುದಕ್ಕೂ ಬಾರದ ದೋಣಿ ಸಿಗುತ್ತದೆ. ಟೆಲಿಸ್ಕೋಪಿನ ಕತೆಯೂ ಹಾಗೆಯೇ.

ಕಣ್ಣಿನಿಂದ ನೋಡಲು ಬೇಕಾದದ್ದು ಬೆಳಕು. ಕನ್ನಡಿ ದೊಡ್ಡದಾದಷ್ಟೂ ಬೆಳಕು ಹೆಚ್ಚು. 70 ಮಿ.ಮೀ. ಮಸೂರಕ್ಕಿಂತ 150 ಮಿ.ಮೀ. ಕನ್ನಡಿ ಸುಮಾರು ನಾಲ್ಕೂವರೆ ಪಟ್ಟು ಬೆಳಕು ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ "500 ಪಟ್ಟು ದೊಡ್ಡದು" ಎಂದು ಬರೆದದ್ದನ್ನು ನಂಬಬೇಡಿ. ಮಿ.ಮೀ. ಲೆಕ್ಕದ ಎರಡರಷ್ಟು ಪಟ್ಟು, ಅಂದರೆ 70ಕ್ಕೆ 140, ಅದೇ ಹೆಚ್ಚೆಂದರೆ ಮಿತಿ. ಅದರಾಚೆ ಚಿತ್ರ ದೊಡ್ಡದಾಗುತ್ತದೆ, ಆದರೆ ಮಸುಕು.

ಫೋಟೋಕ್ಕೆ ಬೇಕಾದದ್ದು ಬೇರೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಮಂಕಾದ ನೀಹಾರಿಕೆಯ ಫೋಟೋ ಬೇಕೆಂದರೆ ಕ್ಯಾಮೆರಾ ನಿಮಿಷಗಟ್ಟಲೆ ಬೆಳಕು ಕುಡಿಯಬೇಕು. ಅಷ್ಟು ಹೊತ್ತು ಕೊಳವೆ ಆಕಾಶದ ಜೊತೆಗೇ ತಿರುಗದಿದ್ದರೆ ನಕ್ಷತ್ರಗಳೆಲ್ಲ ಗೆರೆಗಳಾಗುತ್ತವೆ. ಉದ್ದದ ಟೆಲಿಸ್ಕೋಪಿನಲ್ಲಿ ಒಂದು ಸೆಕೆಂಡೂ ಹೆಚ್ಚೇ. ಹಾಗಾಗಿ ಫೋಟೋದ ಜೀವ ಇರುವುದು ಕೊಳವೆಯಲ್ಲಲ್ಲ, ಅದನ್ನು ಹೊತ್ತು ತಿರುಗಿಸುವ ಮೌಂಟಿನಲ್ಲಿ. ಮೌಂಟ್ ಹತ್ತು ಕಿಲೋ ಹೊರುತ್ತದೆಂದು ಬರೆದಿದ್ದರೆ ಫೋಟೋಕ್ಕೆ ಐದು ಕಿಲೋ ಎಂದೇ ಲೆಕ್ಕ ಹಿಡಿಯಿರಿ. ಗಾಳಿ ಬೀಸುವ ಕಡಲ ದಂಡೆಯಲ್ಲಂತೂ ಇದನ್ನು ಮರೆಯಬಾರದು.

ಕ್ಯಾಟಲಾಗಿನಲ್ಲಿ ಇಲ್ಲದ ಒಂದು ಮಾತು ನಮ್ಮೂರಿಗೆ ಮುಖ್ಯ. ಫೋಟೋಕ್ಕೆ ಬಳಸುವ ಈಕ್ವಟೋರಿಯಲ್ ಮೌಂಟಿನ ಅಕ್ಷ ಧ್ರುವದ ಕಡೆಗೆ ಮುಖ ಮಾಡಬೇಕು. ಅಂಕೋಲಾದ ಅಕ್ಷಾಂಶ 15 ಡಿಗ್ರಿಗೂ ತುಸು ಕಡಿಮೆ. ಧ್ರುವ ನಕ್ಷತ್ರ ನಮಗೆ ದಿಗಂತದಿಂದ ಅಷ್ಟೇ ಎತ್ತರ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಉತ್ತರಕ್ಕೆ ತೆಂಗಿನ ತೋಟವೋ ಗುಡ್ಡವೋ ಇದ್ದರೆ ಕಾಣುವುದೇ ಇಲ್ಲ. ಇನ್ನೊಂದು ತೊಡಕೆಂದರೆ, ಯುರೋಪನ್ನು ಮನಸ್ಸಿನಲ್ಲಿಟ್ಟು ಮಾಡಿದ ಹಲವು ಮೌಂಟ್‌ಗಳ ಅಕ್ಷ ಇಷ್ಟು ಕೆಳಗೆ ಬಾಗುವುದಿಲ್ಲ; ಬಾಗಿದರೂ ತೂಕದ ಸರಳು ಸ್ಟ್ಯಾಂಡಿನ ಕಾಲಿಗೆ ತಾಗುತ್ತದೆ. "14 ಡಿಗ್ರಿಗೆ ಇಳಿಯುತ್ತದೆಯೇ? ಸರಳು ತಾಗುತ್ತದೆಯೇ?" ದುಡ್ಡು ಕೊಡುವ ಮೊದಲು ಈ ಎರಡು ಪ್ರಶ್ನೆ ಕೇಳಿ.

ಹಾಗಾದರೆ ಏನು ಕೊಳ್ಳಬೇಕು? ಶಾಲೆಗಾದರೆ ನನ್ನ ಅಭಿಪ್ರಾಯ ಸ್ಪಷ್ಟ: 150 ಮಿ.ಮೀ. ಡಾಬ್ಸೋನಿಯನ್. ಮರದ ಪೆಟ್ಟಿಗೆಯಂಥ ತಳದ ಮೇಲೆ ಕೂತ ಕನ್ನಡಿ ಟೆಲಿಸ್ಕೋಪ್. ಮೋಟಾರಿಲ್ಲ, ಕರೆಂಟ್ ಬೇಡ, ರಿಪೇರಿಗೆ ಬೆಂಗಳೂರು ಸೇರಬೇಕಾದಂಥದ್ದು ಹೆಚ್ಚೇನೂ ಇಲ್ಲ. ಶನಿಯ ಬಳೆ, ಗುರುವಿನ ನಾಲ್ಕು ಚಂದ್ರ, ಮಹಾವ್ಯಾಧನ ನೀಹಾರಿಕೆ ಎಲ್ಲ ಕಾಣುತ್ತದೆ. ನೂರು ಪಟ್ಟು ಹಿಗ್ಗಿಸಿದರೆ ಗ್ರಹ ಎರಡು ನಿಮಿಷದೊಳಗೆ ನೋಟದಿಂದ ಜಾರುತ್ತದೆ. ಮಕ್ಕಳೇ ಕೊಳವೆ ತಳ್ಳಿ ಹಿಡಿಯಲಿ. ಭೂಮಿ ತಿರುಗುತ್ತದೆ ಎಂಬ ಪಾಠ ಅಲ್ಲೇ ಆಯಿತು. ಫೋಟೋ ಬೇಕೇ? ಕಣ್ಣಿಡುವ ಜಾಗಕ್ಕೆ ಮೊಬೈಲ್ ಹಿಡಿಕೆ ಸಿಕ್ಕಿಸಿದರೆ ಚಂದ್ರನ ಒಳ್ಳೆಯ ಚಿತ್ರ ಸಿಗುತ್ತದೆ.

ಫೋಟೋದ್ದೇ ಹುಚ್ಚು ಹಿಡಿದವರು ಉಲ್ಟಾ ಹೋಗಿ. ಸಣ್ಣ ಟೆಲಿಸ್ಕೋಪ್, ದೊಡ್ಡ ಮೌಂಟ್. ಅರ್ಧಕ್ಕಿಂತ ಹೆಚ್ಚು ದುಡ್ಡು ಮೌಂಟಿಗೇ ಇರಲಿ. ಕ್ಯಾಮೆರಾ ಮೊದಲೇ ಇದ್ದರೆ, ಅದನ್ನು ಹೊತ್ತು ತಿರುಗುವ ಚಿಕ್ಕ ಟ್ರ್ಯಾಕರ್‌ನಿಂದ ಆರಂಭಿಸಿದರೂ ಸಾಕು.

"ಈಗ ಸ್ಮಾರ್ಟ್ ಟೆಲಿಸ್ಕೋಪ್ ಬಂದಿದೆಯಲ್ಲ, ತಾನೇ ಹುಡುಕಿ ಫೋಟೋ ತೆಗೆದು ಮೊಬೈಲಿಗೆ ಕಳಿಸುತ್ತದೆ" ಎನ್ನುವವರಿದ್ದಾರೆ. ನಿಜ, ಫೋಟೋಕ್ಕೆ ಅದು ಸುಲಭದ ದಾರಿ. ಆದರೆ ಅಂಥ ಹೆಚ್ಚಿನವುಗಳಲ್ಲಿ ಕಣ್ಣಿಡುವ ಜಾಗವೇ ಇಲ್ಲ. ಮೊಬೈಲಿನಲ್ಲಿ ಶನಿಯ ಚಿತ್ರ ನಮ್ಮ ಮಕ್ಕಳು ನೂರು ನೋಡಿದ್ದಾರೆ. ಶನಿಯಿಂದ ಹೊರಟ ಬೆಳಕೇ ಕಣ್ಣಿಗೆ ಬಿದ್ದಾಗ ಆಗುವುದು ಬೇರೆ.

ನಮಗೆ ಲಾಭವೂ ಇದೆ. ಉತ್ತರದ ದೇಶದವರಿಗೆ ಕಾಣದ ದಕ್ಷಿಣದ ಆಕಾಶ ನಮಗೆ ಕಾಣುತ್ತದೆ. ಏಪ್ರಿಲ್-ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ ತ್ರಿಶಂಕು, ಅದಕ್ಕಿಂತ ಮೇಲೆ ಲಕ್ಷಾಂತರ ನಕ್ಷತ್ರಗಳ ಗುಚ್ಛ ಒಮೆಗಾ ಸೆಂಟಾರಿ. ಆಮೇಲೆ ಮಳೆಗಾಲ. ಆ ನಾಲ್ಕು ತಿಂಗಳು ಸಿಲಿಕಾ ಜೆಲ್ ಹಾಕಿ ಒಣ ಪೆಟ್ಟಿಗೆಯಲ್ಲಿ ಮುಚ್ಚಿಡದಿದ್ದರೆ ಉಪ್ಪುಗಾಳಿ, ಬೂಸ್ಟು ಎರಡೂ ಸೇರಿ ಕನ್ನಡಿ, ಮಸೂರ ಕೆಡಿಸುತ್ತವೆ. ಆ ಪೆಟ್ಟಿಗೆಯ ಖರ್ಚೂ ವಂತಿಗೆಯಲ್ಲೇ ಸೇರಲಿ.

1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರ ದಾಟಿ ಭಾರತದ ನೆಲ ಮುಟ್ಟಿದ್ದು ನಮ್ಮ ಈ ಕರಾವಳಿಯಲ್ಲೇ. ವಿಜ್ಞಾನಿಗಳು ರಾಯಚೂರಿನ ಜವಳಗೇರಾದವರೆಗೆ ಹೋಗಿ ಬೀಡುಬಿಟ್ಟರು. ನಮ್ಮ ಹಿರಿಯರಲ್ಲಿ ಬಹಳ ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಅವರನ್ನು ದೂರಬೇಕಿಲ್ಲ, ಸುರಕ್ಷಿತವಾಗಿ ತೋರಿಸುವ ವ್ಯವಸ್ಥೆ ಹಳ್ಳಿಯಲ್ಲಿ ಇರಲಿಲ್ಲ. 2027ರ ಆಗಸ್ಟ್ 2ರಂದು ಪಾರ್ಶ್ವ ಗ್ರಹಣ ಇದೆ. ಮಳೆಗಾಲ, ಮೋಡ ಬಿಟ್ಟರೆ ಕಂಡೀತು. ಟೆಲಿಸ್ಕೋಪಿನ ಜೊತೆಗೆ ಕೊಳವೆಯ ಮುಂಬಾಯಿಗೆ ಹಾಕುವ ಸೌರ ಫಿಲ್ಟರನ್ನೂ ಕೊಳ್ಳಿ. ಕಣ್ಣಿನ ಬದಿಗೆ ತಿರುಪುವ ಸಣ್ಣ ಫಿಲ್ಟರ್ ಬಂದರೆ ಎಸೆದುಬಿಡಿ. ಅದು ಬಿಸಿಗೆ ಬಿರುಕು ಬಿಟ್ಟರೆ ಕಣ್ಣು ಹೋಗುತ್ತದೆ.

ಫೋಟೋ ಒಬ್ಬರ ಹವ್ಯಾಸ, ಅದನ್ನು ಅವರವರ ದುಡ್ಡಲ್ಲಿ ಮಾಡಲಿ. ಊರಿನ ದುಡ್ಡು ಮಾತ್ರ ಸಾಲಿನಲ್ಲಿ ನಿಂತ ಕೊನೆಯ ಮಗುವಿನ ಕಣ್ಣಿಗೆ ಸಲ್ಲಲಿ.