ಕಾಶಿಯಲ್ಲಿ ಸಿಸೇರಿಯನ್ ಹೆರಿಗೆ: ಆಸ್ಪತ್ರೆಯ ಆಯ್ಕೆ ಹೇಗೆ?

ಕಾಶಿಗೆ ಕೊನೆಯ ಉಸಿರೆಳೆಯಲು ಬರುವವರ ವಿಷಯ ಲೋಕಕ್ಕೆಲ್ಲ ತಿಳಿದದ್ದೇ. ಅದೇ ಕಾಶಿಯಲ್ಲಿ ದಿನವೂ ಎಷ್ಟೋ ಕೂಸುಗಳು ಮೊದಲ ಉಸಿರೆಳೆಯುತ್ತವೆ ಎಂಬುದನ್ನು ನೆನೆಯುವವರು ವಿರಳ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಹೇಳುತ್ತಿದ್ದರು. ಶಸ್ತ್ರಕ್ರಿಯೆಯ ಮೂಲಕವೇ ಹೆರಿಗೆಯಾಗಬೇಕೆಂದು ವೈದ್ಯರು ಮೊದಲೇ ನಿರ್ಧರಿಸಿದಾಗ ಆ ಮರುಹುಟ್ಟಿನ ಹೊಣೆಯಲ್ಲಿ ಒಂದು ಪಾಲು ಆಸ್ಪತ್ರೆಯನ್ನು ಆರಿಸುವ ಮನೆಯವರದೂ ಆಗುತ್ತದೆ.

ವೃತ್ತಿಯ ನಿಮಿತ್ತ ವಾರಾಣಸಿಯಲ್ಲಿ ನೆಲಸಿದ ಕನ್ನಡ ಕುಟುಂಬಕ್ಕೆ ಮೊದಲು ಎದುರಾಗುವ ಪ್ರಶ್ನೆ ತವರಿನದು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮ ಸಂಪ್ರದಾಯ; ಅದರ ಹಿಂದೆ ತಾಯಿಯ ಆರೈಕೆಯೆಂಬ ವಿವೇಕವೂ ಇದೆ. ಆದರೆ ದೀನದಯಾಳ್ ಉಪಾಧ್ಯಾಯ ಜಂಕ್ಷನ್ನಿನಿಂದ, ಅಂದರೆ ಹಿಂದಿನ ಮೊಗಲ್‌ಸರಾಯಿಯಿಂದ, ಬೆಂಗಳೂರಿಗೆ ರೈಲಿನಲ್ಲಿ ಸುಮಾರು ಎರಡು ದಿನಗಳ ಪ್ರಯಾಣ. 36 ವಾರ ತುಂಬಿದ ಗರ್ಭಿಣಿಯನ್ನು ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಆದುದರಿಂದ ತವರಿಗೆ ಹೋಗುವುದಾದರೆ ಏಳನೆಯ ತಿಂಗಳಿನೊಳಗೆ ವೈದ್ಯರನ್ನು ಕೇಳಿ ನಿಶ್ಚಯಿಸಬೇಕು. ಹಾಗಾಗದಿದ್ದರೆ ತಾಯಿಯೇ ಕಾಶಿಗೆ ಬರುವುದು ಲೇಸು.

ಎರಡನೆಯ ಪ್ರಶ್ನೆ: ಶಸ್ತ್ರಕ್ರಿಯೆ ನಿಜವಾಗಿಯೂ ಅಗತ್ಯವೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಹೆರಿಗೆಗಳಲ್ಲಿ ನೂರಕ್ಕೆ 21.5 ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ 47.4, ಸರಕಾರಿ ಆಸ್ಪತ್ರೆಗಳಲ್ಲಿ 14.3. ಈ ಅಂತರವೆಲ್ಲವೂ ದುರಾಶೆಯ ಫಲವೆನ್ನುವುದು ನ್ಯಾಯವಲ್ಲ. ಆದರೂ ಕಾರಣವನ್ನು ಕೇಳುವ ಹಕ್ಕು ಗರ್ಭಿಣಿಗೆ ಇದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡಬಂದಿದ್ದರೆ ಶಸ್ತ್ರಕ್ರಿಯೆಯೇ ಜೀವರಕ್ಷಕ; ಅಲ್ಲಿ ಚರ್ಚೆಗೆ ಎಡೆಯಿಲ್ಲ. ಹಿಂದೆ ಒಮ್ಮೆ ಸಿಸೇರಿಯನ್ ಆಗಿತ್ತೆಂಬುದಷ್ಟೇ ಕಾರಣವಾದರೆ, ಹಲವರಲ್ಲಿ ಸಹಜ ಹೆರಿಗೆಯೂ ಸಾಧ್ಯ. ಪ್ರತಿಯೊಂದು ಸಿಸೇರಿಯನ್ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಆಳವಾಗಿ ಅಂಟಿಕೊಳ್ಳುವ ಅಪಾಯವನ್ನು ಹೆಚ್ಚಿಸುತ್ತದೆ. ಕಾರಣವನ್ನು ತಾಳ್ಮೆಯಿಂದ ವಿವರಿಸುವ ವೈದ್ಯರು ದೊರೆತರೆ ಅರ್ಧ ಆಯ್ಕೆ ಮುಗಿದಂತೆ.

ಇನ್ನು ದಿನ ಗೊತ್ತುಮಾಡುವ ವಿಚಾರ. ಕಾಶಿಯಲ್ಲಿ ಪಂಚಾಂಗಕ್ಕೆ ಬರವಿಲ್ಲ. ಮಗುವಿನ ಜನನಕ್ಕೂ ಮುಹೂರ್ತ ಕೇಳುವ ರೂಢಿ ಬೆಳೆದಿದೆ. ಬೇರೆ ತೊಡಕಿಲ್ಲದಿದ್ದರೆ 39 ವಾರ ತುಂಬಿದ ಮೇಲೆ ಶಸ್ತ್ರಕ್ರಿಯೆ ಮಾಡುವುದು ವೈದ್ಯಶಾಸ್ತ್ರದ ಮತ. ಅದಕ್ಕೂ ಮುಂಚೆ ಹೊರತೆಗೆದ ಶಿಶುಗಳಲ್ಲಿ ಉಸಿರಾಟದ ತೊಂದರೆ ಹೆಚ್ಚು. ವೈದ್ಯರು ಒಪ್ಪಿದ ದಿನಗಳೊಳಗೆ ಹಗಲಿನ ಒಂದು ಶುಭವೇಳೆಯನ್ನು ಆರಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಆದರೆ ಒಳ್ಳೆಯ ನಕ್ಷತ್ರಕ್ಕಾಗಿ 37ನೆಯ ವಾರದಲ್ಲಿಯೇ ಹೊಟ್ಟೆ ಕುಯ್ಯಿಸುವುದಾಗಲಿ, ನಡುರಾತ್ರಿಯಲ್ಲಿ ಅರೆನಿದ್ದೆಯ ಸಿಬ್ಬಂದಿಯನ್ನು ಎಬ್ಬಿಸುವುದಾಗಲಿ ಮಗುವಿಗೆ ಮಾಡುವ ಉಪಕಾರವಲ್ಲ. ಪೂರ್ಣವಾಗಿ ಬಲಿತ ಶ್ವಾಸಕೋಶವೇ ಶಿಶುವಿಗೆ ಮೊದಲ ಶುಭಗ್ರಹ.

ಹೀಗೆ ದಿನ ಗೊತ್ತಾಯಿತೆಂದು ಮನೆಯವರು ನಿಶ್ಚಿಂತರಾಗುತ್ತಾರೆ. ತಪ್ಪು ಆಗುವುದು ಇಲ್ಲಿಯೇ. ಮಗು ಪಂಚಾಂಗವನ್ನೂ ನೋಡುವುದಿಲ್ಲ, ವೈದ್ಯರ ದಿನಚರಿಯನ್ನೂ ನೋಡುವುದಿಲ್ಲ. ಸಿಸೇರಿಯನ್ನಿಗೆಂದು ದಿನ ಗೊತ್ತುಪಡಿಸಿದ ಗರ್ಭಿಣಿಯರಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಆ ದಿನಕ್ಕಿಂತ ಮೊದಲೇ ನೋವು ಕಾಣಿಸಿಕೊಳ್ಳಬಹುದು. ಆದುದರಿಂದ ಆಸ್ಪತ್ರೆಯನ್ನು ಆರಿಸಬೇಕಾದುದು ಗೊತ್ತಾದ ಹಗಲಿಗಾಗಿ ಅಲ್ಲ, ಗೊತ್ತಿಲ್ಲದ ರಾತ್ರಿಗಾಗಿ. ಹಗಲು ಹತ್ತು ಗಂಟೆಗೆ ಎಲ್ಲ ಆಸ್ಪತ್ರೆಗಳೂ ಚೆನ್ನಾಗಿಯೇ ಕಾಣುತ್ತವೆ. ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ ಎಂಬುದೇ ಮುಖ್ಯ.

ಕೇಳಬೇಕಾದ ಪ್ರಶ್ನೆಗಳು ಕೆಲವೇ. ಅರಿವಳಿಕೆ ತಜ್ಞರು ಆಸ್ಪತ್ರೆಯಲ್ಲಿಯೇ ಇರುತ್ತಾರೆಯೇ, ಅಥವಾ ಕರೆ ಹೋದ ಮೇಲೆ ಊರಿನ ಇನ್ನೊಂದು ತುದಿಯಿಂದ ಬರಬೇಕೇ? ರಕ್ತನಿಧಿ ಅಲ್ಲಿಯೇ ಇದೆಯೇ? ಇಲ್ಲವಾದರೆ ರಕ್ತ ತರುವವರು ಯಾರು, ಎಷ್ಟು ಹೊತ್ತು ಹಿಡಿಯುತ್ತದೆ? ಶಿಶು ಉಸಿರಾಡದಿದ್ದರೆ ನೋಡಿಕೊಳ್ಳಲು ಮಕ್ಕಳ ವೈದ್ಯರೂ ನವಜಾತ ಶಿಶುಘಟಕವೂ ಉಂಟೇ? ಶಸ್ತ್ರಕ್ರಿಯೆಯ ನಂತರದ ಮೊದಲ ಗಂಟೆಗಳಲ್ಲಿ ರಕ್ತಸ್ರಾವವನ್ನು ಗಮನಿಸಲು ನುರಿತ ದಾದಿಯರು ಇರುವರೇ? ತೊಡಕು ಮೀರಿದರೆ ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ? ಈ ಕೊನೆಯ ಪ್ರಶ್ನೆಗೆ ಉತ್ತರವಾಗಿ ಒಂದು ದೊಡ್ಡ ಆಸ್ಪತ್ರೆಯ ಹೆಸರು ಬಂದರೆ, ಅಪಾಯವಿರುವ ಬಸಿರಿಗೆ ಅಲ್ಲಿಗೇ ನೇರವಾಗಿ ಹೋಗುವುದು ಬುದ್ಧಿವಂತಿಕೆ.

ವಾರಾಣಸಿಯಲ್ಲಿ ಅಂಥ ಆಶ್ರಯಗಳಿಗೆ ಕೊರತೆಯಿಲ್ಲ. ಮದನಮೋಹನ ಮಾಲವೀಯರು 1916ರಲ್ಲಿ ಸ್ಥಾಪಿಸಿದ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ ಸರ್ ಸುಂದರಲಾಲ್ ಆಸ್ಪತ್ರೆಯಿದೆ. ಅಲ್ಲಿ 2021ರ ಜುಲೈನಲ್ಲಿ ತಾಯಿ ಮತ್ತು ಶಿಶುಗಳಿಗಾಗಿ 100 ಹಾಸಿಗೆಗಳ ವಿಭಾಗ ಉದ್ಘಾಟನೆಯಾಯಿತು. ಕಬೀರಚೌರಾದಲ್ಲಿ ಸರಕಾರದ ಮಹಿಳಾ ಆಸ್ಪತ್ರೆಯಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಮೇರೆಗೆ ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ ಇವೆಲ್ಲ ಉಚಿತ. ನೂಕುನುಗ್ಗಲು, ಕಾಯುವಿಕೆ, ಹಂಚಿಕೊಂಡ ಕೋಣೆ ಇವು ಅಲ್ಲಿನ ಕಷ್ಟಗಳು. ಖಾಸಗಿ ಪ್ರಸೂತಿ ಗೃಹದಲ್ಲಿ ಏಕಾಂತವೂ ನಯವಾದ ಮಾತೂ ದೊರೆಯಬಹುದು. ಬಾಣಂತಿಗೆ ಅವೂ ಬೇಕಾದುವೇ. ಆದರೆ ಹವಾನಿಯಂತ್ರಿತ ಕೋಣೆ ರಕ್ತನಿಧಿಗೆ ಬದಲಾಗಲಾರದು.

ದಾರಿಯನ್ನೂ ಮರೆಯಬಾರದು. ಹಳೆಯ ಕಾಶಿಯ ಓಣಿಗಳಿಗೆ ಆಂಬುಲೆನ್ಸ್ ಬರಲಾರದು. ಶ್ರಾವಣದ ಸೋಮವಾರಗಳಲ್ಲಿ, ದೇವದೀಪಾವಳಿಯ ರಾತ್ರಿ ಗೋದೌಲಿಯಾ ಸುತ್ತಮುತ್ತ ವಾಹನ ಅಲುಗಾಡುವುದೂ ಕಷ್ಟ. ಮನೆಯಿಂದ ದೊಡ್ಡ ರಸ್ತೆಯವರೆಗೆ ಗರ್ಭಿಣಿಯನ್ನು ಹೇಗೆ ಕರೆತರಬೇಕೆಂದು ಮೊದಲೇ ನಡೆದು ನೋಡಿರಬೇಕು. ಹಬ್ಬದ ದಿನಗಳು ಹತ್ತಿರವಿದ್ದರೆ ಕೊನೆಯ ವಾರಗಳಲ್ಲಿ ಆಸ್ಪತ್ರೆಯ ಬಳಿ ಬಿಡಾರ ಮಾಡುವುದು ಒಳಿತು.

ಹಣದ ಮಾತೂ ಬರಲೇಬೇಕು. ಖಾಸಗಿ ಆಸ್ಪತ್ರೆಯಲ್ಲಿ ಒಟ್ಟು ಮೊತ್ತವೆಂದು ಹೇಳಿದಾಗ ಅದರಲ್ಲಿ ಅರಿವಳಿಕೆ, ಔಷಧ, ರಕ್ತ, ಮಕ್ಕಳ ವೈದ್ಯರ ಶುಲ್ಕ ಸೇರಿವೆಯೇ ಎಂಬುದನ್ನು ಬರೆಹದಲ್ಲಿ ಪಡೆಯಬೇಕು. ಶಿಶುಘಟಕದ ದಿನದ ಬಾಡಿಗೆಯನ್ನು ಪ್ರತ್ಯೇಕವಾಗಿ ಕೇಳಬೇಕು. ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಅಲ್ಲಿಯೇ. ಅನೇಕ ವಿಮಾ ಪಾಲಿಸಿಗಳಲ್ಲಿ ಹೆರಿಗೆಯ ವೆಚ್ಚ ದೊರೆಯಲು ಕೆಲವು ಕಾಲ ಕಾಯಬೇಕೆಂಬ ನಿಯಮವಿರುತ್ತದೆ. ಇದನ್ನು ಓದಬೇಕಾದ ಸಮಯ ಮದುವೆಯ ವರ್ಷ, ಒಂಬತ್ತನೆಯ ತಿಂಗಳಲ್ಲ.

ಪರಊರಿನಲ್ಲಿ ಬಂಧುಗಳಿಲ್ಲದ ಕೊರತೆಯನ್ನು ತುಂಬಬೇಕಾದುದು ಕನ್ನಡ ಸಂಘಗಳ ಕರ್ತವ್ಯ. ಊರಿನಿಂದ ಬಂದ ತಾಯಿಗೆ ಹಿಂದಿ ಬಾರದು. ದಾದಿಗೆ ಕನ್ನಡ ಬಾರದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅದರ ಅರ್ಥವನ್ನು ತಿಳಿಸುವ ಒಬ್ಬ ಕನ್ನಡಿತಿ ಪಕ್ಕದಲ್ಲಿದ್ದರೆ ಅದಕ್ಕಿಂತ ದೊಡ್ಡ ಸೇವೆಯಿಲ್ಲ. ಸದಸ್ಯರ ರಕ್ತದ ಗುಂಪುಗಳ ಪಟ್ಟಿಯೊಂದು ಪ್ರತಿ ಸಂಘದಲ್ಲಿಯೂ ಸಿದ್ಧವಾಗಿರಬೇಕು; ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಸಲ್ಲದು. ಕಾಶಿಯ ಲಕ್ಸಾದಲ್ಲಿರುವ ರಾಮಕೃಷ್ಣ ಸೇವಾಶ್ರಮ 1900ರಲ್ಲಿ ಆರಂಭವಾದುದು ಕೆಲವೇ ಯುವಕರು ದಿಕ್ಕಿಲ್ಲದ ರೋಗಿಗಳನ್ನು ನೋಡಿಕೊಳ್ಳತೊಡಗಿದ್ದರಿಂದ. ಅವರ ಬಳಿ ಹಣವಿರಲಿಲ್ಲ.

ರಾಜ್ಯೋತ್ಸವದ ವೇದಿಕೆಗೆ ನೂರು ಜನರನ್ನು ಕೂಡಿಸಬಲ್ಲ ಸಂಘಕ್ಕೆ, ನಡುರಾತ್ರಿ ಆಸ್ಪತ್ರೆಯ ಬಾಗಿಲಿಗೆ ಇಬ್ಬರು ರಕ್ತದಾನಿಗಳನ್ನು ಕಳುಹಿಸುವುದು ಕಷ್ಟವಾಗಬಾರದು.